ನಮ್ಮದಲ್ಲದ ಒಂದು ಕಂಪ್ಯೂಟರ್

“‘ಇದನ್ನು ಈಗ ಯಾರೂ ಬಳಸುತ್ತಿಲ್ಲ’ ಅಂತ ಬರೆದಿದೀಯಲ್ಲ, ಯಾರನ್ನ ಕೇಳಿ ಬರೆದೆ ಮಾರಾಯ್ತಿ?” ಎಂದ ಫರ್ಗಸ್.

ಹೋಬಾರ್ಟ್ ಊರಿನ ಬಂದರಿನ ಹಿಂದೆ ನಮ್ಮ ಬಾಡಿಗೆ ಕೋಣೆ. ಅರ್ಧ ಸಾಮಾನು ಆಗಲೇ ಪೆಟ್ಟಿಗೆ ಸೇರಿತ್ತು. ಫರ್ಗಸ್, ನೊಯ್ಲೀನ್ ಮತ್ತು ನಾನು ವರ್ಷಗಟ್ಟಲೆ ಕೂತು ಕಟ್ಟಿದ ಮಟನ್‌ಬರ್ಡ್ ಎಂಬ ಬ್ಲಾಕ್‌ಚೈನಿನ ಕೆಲಸ ಅಂದಿಗೆ ಮುಗಿಯಬೇಕಿತ್ತು. ಹೆಸರು ಕೇಳಿ ಗಾಬರಿಯಾಗಬೇಡಿ. ಮಟನ್‌ಬರ್ಡ್ ಅಂದರೆ ಇಲ್ಲಿನ ಒಂದು ಕಡಲಹಕ್ಕಿ; ಬ್ಲಾಕ್‌ಚೈನ್ ಅಂದರೆ ಒಂದು ಲೆಕ್ಕದ ಪುಸ್ತಕವಿದ್ದ ಹಾಗೆ. ಒಂದೇ ಬರಹದ ಪ್ರತಿ ಹಲವು ಕಂಪ್ಯೂಟರುಗಳಲ್ಲಿ ಇರುವುದರಿಂದ ಯಾರೊಬ್ಬರೂ ಗುಟ್ಟಾಗಿ ತಿದ್ದಲಾರರು. ನಾವು ಅದನ್ನು ಊರಿಗೆಲ್ಲ ತೆರೆದಿಟ್ಟಿದ್ದೆವು. ಯಾರು ಬೇಕಾದರೂ ನಮ್ಮನ್ನು ಕೇಳದೆ, ಕಾಸು ಕೊಡದೆ ಒಯ್ಯಬಹುದು. ಹಾಗಾಗಿ ಒಯ್ದವರು ಯಾರು, ಒಯ್ದರೋ ಇಲ್ಲವೋ, ನಮಗೇ ಗೊತ್ತಿರಲಿಲ್ಲ.

ಇನ್ನು ಉಳಿದದ್ದು ಕೆಲಸ ನಿಲ್ಲಿಸುತ್ತಿದ್ದೇವೆಂದು ಕೊನೆಯ ಸೂಚನೆ ಹಾಕುವುದು. ಅದನ್ನು ಬರೆದವಳು ನಾನು. ಒಬ್ಬರು ಬರೆದದ್ದನ್ನು ಉಳಿದಿಬ್ಬರು ಓದಿ ಒಪ್ಪದೆ ಹೊರಗೆ ಬಿಡಬಾರದು ಎಂಬುದು ನಮ್ಮ ಕಟ್ಟಳೆ. ನೊಯ್ಲೀನ್ ಒಪ್ಪಿಯಾಗಿತ್ತು. ಫರ್ಗಸ್ ಜಪ್ಪಯ್ಯ ಅನ್ನಲಿಲ್ಲ.

“ಅಂಗಡಿ ಮುಚ್ಚೋಕೂ ನಿನ್ನ ತಕರಾರಾ?” ಎಂದಳು ನೊಯ್ಲೀನ್.

“ಮುಚ್ಚು, ಬೇಡ ಅಂದ್ನಾ? ನಮ್ಮ ಮೂವರನ್ನ ಬಿಟ್ಟು ಒಬ್ಬರಿಗಾದ್ರೂ ಇದು ಕೆಲಸಕ್ಕೆ ಬಂತಾ? ಅಷ್ಟು ಗೊತ್ತಾಗ್ಲಿ. ನನ್ನ ತಲೆಕೂದಲು ಉದುರಿದ್ದೇ ಇದರಲ್ಲಿ ಕಣೆ.”

ಸರಿ, ನೋಡೇಬಿಡೋಣ ಎಂದು ಮಟನ್‌ಬರ್ಡ್ ಓಡುತ್ತಿದ್ದ ಕಂಪ್ಯೂಟರುಗಳನ್ನೆಲ್ಲ ತೆರೆ ಮೇಲೆ ತೆಗೆದೆ. ಎಲ್ಲವೂ ನಮ್ಮವೇ. ಒಂದನ್ನು ಬಿಟ್ಟು! ಅದರ ಒಡೆಯರು ಯಾರೋ ಅದಕ್ಕೊಂದು ಹೆಸರಿಟ್ಟಿದ್ದರು: ‘ಬ್ರೂನಿ ದೋಣಿ’.

ಫರ್ಗಸ್ ಕೋಟು ತೊಟ್ಟಾಗಿತ್ತು. ಕೋಣೆಯ ಬೀಗದ ಕೈ ಒಪ್ಪಿಸಲು ನೊಯ್ಲೀನ್ ಉಳಿದಳು. ನಾವಿಬ್ಬರು ಕಾರು ಸಮೇತ ಫೆರಿ ಹತ್ತಿ ಹತ್ತಿರದ ಬ್ರೂನಿ ದ್ವೀಪಕ್ಕೆ ಹೋದೆವು.

‘ಬ್ರೂನಿ ದೋಣಿ’ ಯಾರದೆಂದು ದ್ವೀಪದ ಅಂಗಡಿಯವನನ್ನು ವಿಚಾರಿಸಿದರೆ ಅವನಿಗೆ ನಗು. “ಇಲ್ಲಿ ದೋಣಿ ಇಲ್ಲದವರು ಯಾರಿದಾರೆ? ಓ, ದೋಣಿಗೋಸ್ಕರ ಕಂಪ್ಯೂಟರ್ ಇಟ್ಟವರಾ? ಹಾಗಾದ್ರೆ ಮೌರೀನೇ. ನೀಲಿ ಗೇಟು.”

ಮೌರೀನ್ ಶಾಲೆಯೊಂದರಲ್ಲಿ ಅಡುಗೆ ಮಾಡಿ ನಿವೃತ್ತಳಾದ ಗಟ್ಟಿ ಹೆಂಗಸು. ಬಂದದ್ದು ಯಾಕೆಂದು ಕೇಳುವ ಮೊದಲೇ ನಮ್ಮ ಕೈಗೆ ಸ್ಕ್ಯಾಲಪ್ ಎಂಬ ಚಿಪ್ಪುಮೀನಿನ ಬಿಸಿ ಕಡುಬು ಕೊಟ್ಟಳು.

“ದೋಣಿ ಒಂದು, ಮನೆ ಎರಡು, ನನ್ನದು ಮತ್ತೆ ಪಕ್ಕದ ಕ್ಲ್ಯಾರಿದು,” ಎಂದಳು. “ಇವತ್ತು ಯಾರ ಸರದಿ ಅಂತ ದಿನಾ ಜಗಳ ಆಗ್ತಿತ್ತು. ನಾನು ಚೀಟೀಲಿ ಬರೆದ್ರೆ ಅವನು ತಿದ್ತಿದ್ದ. ಅವನು ಬರೆದ್ರೆ ನಾನು ತಿದ್ತಿದ್ದೆ. ಈ ಕಂಪ್ಯೂಟರಿಗೆ ಹಾಕಿದ ಮೇಲೆ ಇಬ್ಬರ ಕೈಲೂ ತಿದ್ದೋಕೆ ಆಗ್ತಿಲ್ಲ ನೋಡು ಮರಿ.”

ಫರ್ಗಸ್ ಕಡುಬು ನುಂಗುವುದನ್ನೇ ಮರೆತಿದ್ದ. “ಅದನ್ನ ಮಾಡಿದ್ದು ನಾವು,” ಎಂದ ಮೆಲ್ಲಗೆ.

“ಹೌದಾ! ಅದನ್ನೂ ಯಾರೋ ಮಾಡ್ಬೇಕಾ? ನಲ್ಲೀಲಿ ನೀರು ಬಂದ ಹಾಗೆ ಬರುತ್ತೆ ಅಂದ್ಕೊಂಡಿದ್ದೆ.”

ಇನ್ನು ಹೇಳದೆ ವಿಧಿಯಿರಲಿಲ್ಲ. ನಾವು ಕೆಲಸ ನಿಲ್ಲಿಸುತ್ತಿದ್ದೇವೆ, ನಮ್ಮ ಕಂಪ್ಯೂಟರುಗಳನ್ನು ಸಂಜೆಗೆ ಆಫ್ ಮಾಡುತ್ತೇವೆ ಎಂದೆ. ಬೇಲಿಯ ಆಚೆಯಿಂದ ಒಂದು ಟೋಪಿ ಮೇಲೆದ್ದಿತು. ಕ್ಲ್ಯಾರಿ ಅಷ್ಟು ಹೊತ್ತೂ ಅಲ್ಲೇ ಕಿವಿಗೊಟ್ಟು ಕೂತಿದ್ದ.

“ಅಂದ್ರೆ ಇನ್ಮೇಲೆ ಇವಳ ಕಂಪ್ಯೂಟರ್ ಒಂದೇನಾ? ಇವಳು ಬರೆದಿದ್ದೇ ನಿಜ ಅಂತಾನಾ? ಆಗಲ್ಲಪ್ಪ! ಬೇಸಿಗೆ ಪೂರ್ತಿ ದೋಣಿ ಇವಳದೇ ಆಗುತ್ತೆ!”

“ನಿನ್ನ ಬುದ್ಧಿ ನನಗಿಲ್ಲ ಕಣೋ,” ಎಂದಳು ಮೌರೀನ್.

ಕ್ಲ್ಯಾರಿಯ ಮಾತು ಸರಿಯಾಗಿತ್ತು. ಒಂದೇ ಪ್ರತಿ ಉಳಿದರೆ ಅದು ಚೀಟಿಯೇ. ನಾವು ಆ ಸೂಚನೆ ಹಾಕಿ ಕೈತೊಳೆದುಕೊಂಡಿದ್ದರೆ ಈ ಇಬ್ಬರು ಮತ್ತೆ ಚೀಟಿಯ ಜಗಳಕ್ಕೇ ಬೀಳುತ್ತಿದ್ದರು.

“ನಿಮ್ಮನೇಲಿ ಕಂಪ್ಯೂಟರ್ ಇದೆಯಾ?” ಫರ್ಗಸ್ ಆಗಲೇ ಬೇಲಿ ದಾಟಲು ಕಾಲೆತ್ತಿದ್ದ.

“ಇದೆ. ಧೂಳು ಒರೆಸ್ಬೇಕು.”

ಕ್ಲ್ಯಾರಿಯ ಅಡುಗೆಮನೆಯಲ್ಲಿ ಫರ್ಗಸ್ ಹಳೇ ಕಂಪ್ಯೂಟರಿಗೆ ಮಟನ್‌ಬರ್ಡ್ ಹಾಕಲು ಗುದ್ದಾಡುತ್ತಿದ್ದಾಗ ನಾನು ಸೂಚನೆಯನ್ನು ತಿದ್ದಿದೆ. ‘ನಾವು ಇನ್ನು ಇದನ್ನು ರಿಪೇರಿ ಮಾಡುವುದಿಲ್ಲ. ಬಳಸುವವರಿದ್ದಾರೆ. ನೀವೂ ಬಳಸುವುದಾದರೆ ಅಕ್ಕಪಕ್ಕದವರಲ್ಲೂ ಒಂದು ಪ್ರತಿ ಇರಲಿ.’ ನೊಯ್ಲೀನ್ ಊರಿನಿಂದಲೇ ಒಪ್ಪಿದಳು. ಫರ್ಗಸ್ ಓದಿದ, ಇನ್ನೊಮ್ಮೆ ಓದಿದ, ಒಪ್ಪಿಗೆ ಒತ್ತಿದ.

“ಕೆಟ್ಟರೆ ಯಾರನ್ನ ಕೇಳೋದು?” ಎಂದ ಕ್ಲ್ಯಾರಿ.

“ಒಳಗಿರೋದೆಲ್ಲ ತೆರೆದೇ ಇದೆ. ಯಾರು ಬೇಕಾದ್ರೂ ಸರಿ ಮಾಡ್ಬಹುದು,” ಎಂದೆ.

“ಯಾರು ಬೇಕಾದ್ರೂ ಅಂದ್ರೆ ಯಾರೂ ಇಲ್ಲ ಅಂತ.”

ಫರ್ಗಸ್ ಬಾಯಿಬಿಟ್ಟು ನಕ್ಕ. “ಸರಿ, ನನಗೇ ಫೋನ್ ಮಾಡಿ. ಭಾನುವಾರ ಮಾತ್ರ ಬೇಡ.”

“ಭಾನುವಾರಾನೇ ಜಗಳ ಆಗೋದು!” ಎಂದು ಮೌರೀನ್ ಬೇಲಿಯಾಚೆಯಿಂದ ಕೂಗಿದಳು. “ನನ್ನದರಲ್ಲಿ ನಿನ್ನ ಹೆಸರು ಬಂತು ಕ್ಲ್ಯಾರಿ. ಇವತ್ತು ನಿನ್ನ ಸರದಿ ಅಂತಿದೆ, ಏನು ಮಾಡ್ಲಿ!”

ಕ್ಲ್ಯಾರಿ ತನ್ನ ತೆರೆಯ ಹತ್ತಿರ ಬಗ್ಗಿ ನೋಡಿದ. ಅಲ್ಲೂ ಅದೇ ಇತ್ತು. ಟೋಪಿ ಸರಿಮಾಡಿಕೊಂಡು ಹೋಗಿ ದೋಣಿಯ ಒಂದು ತುದಿ ಹಿಡಿದ. ಇನ್ನೊಂದು ತುದಿ ಫರ್ಗಸ್ ಹಿಡಿದ. ಇಬ್ಬರೂ ಅದನ್ನು ನೀರಿನವರೆಗೆ ಎಳೆದುಕೊಂಡು ಹೋದರು.