ಪಕ್ಕದ ಸೀಟಿನ ಬ್ರೇಕು

ಅಪ್ಪ ಇಪ್ಪತ್ತಾರು ವರ್ಷ ಡ್ರೈವಿಂಗ್ ಸ್ಕೂಲು ನಡೆಸಿದವನು. ಸ್ಕೂಲು ಮುಚ್ಚಿದಾಗ ಅದರ ಕಾರು ನನ್ನ ಪಾಲಿಗೆ ಬಂತು. ಜತೆಗೆ ಪಕ್ಕದ ಸೀಟಿನ ಮುಂದಿದ್ದ ಎರಡನೇ ಬ್ರೇಕೂ ಬಂತು, ಅದರ ಮೇಲೆ ಕಾಲಿಟ್ಟುಕೊಂಡು ಅಪ್ಪನೂ ಬಂದ. ಲೈಸೆನ್ಸ್ ಸಿಕ್ಕಿ ಎರಡು ವರ್ಷವಾದರೂ ನಾನು ಒಂದು ದಿನವೂ ಒಬ್ಬಳೇ ಓಡಿಸಿರಲಿಲ್ಲ. ದೂರದಲ್ಲಿ ಕೆಂಪು ದೀಪ ಕಂಡರೆ ಸಾಕು, ನಾನು ಒತ್ತುವ ಮೊದಲೇ ಅಪ್ಪ ಒತ್ತಿಬಿಡುತ್ತಿದ್ದ. ಮೈಯೆಲ್ಲ ಉರಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗುತ್ತಿತ್ತು. ಅವನಿಲ್ಲದೆ ಈ ಕಾರನ್ನು ನಿಲ್ಲಿಸಲು ಬರುತ್ತದೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಅದಕ್ಕೇ ರೇಸ್ ಟ್ರ್ಯಾಕಿನಲ್ಲಿ ಹೊಸಬರು ತಮ್ಮದೇ ಕಾರು ಓಡಿಸಲೆಂದು ಇಟ್ಟ ದಿನಕ್ಕೆ ನನ್ನ ಹೆಸರು ಕೊಟ್ಟೆ. ಅಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ, ಅಡ್ಡ ಯಾರೂ ಓಡುವುದಿಲ್ಲ ಎಂದು ಪುಸಲಾಯಿಸಿ ಅಪ್ಪನನ್ನು ಒಪ್ಪಿಸಿದೆ. ನಿಯಮಗಳ ಹಾಳೆ ಓದಿದ ಮೇಲೆ ಅವನ ಮುಖ ಗಂಟಾಯಿತು. ಪಕ್ಕದಲ್ಲಿ ಟ್ರ್ಯಾಕಿನ ತರಬೇತುದಾರ ಮಾತ್ರ ಕೂರಬಹುದು; ಎರಡನೇ ಪೆಡಲ್ ಇದ್ದರೆ ಬಿಚ್ಚಿಸಬೇಕು.

ಕಾರನ್ನು ಮಾವನ ಗ್ಯಾರೇಜಿಗೆ ಬಿಟ್ಟೆವು. ಅಮ್ಮನ ತಮ್ಮನಾದ ಇವನಿಗೆ ಕೈ ಚುರುಕು, ಬಾಯಿ ಇನ್ನೂ ಚುರುಕು. ಹಳೆಯ ಬ್ರೇಕ್ ಆಯಿಲ್ ತೆಗೆದು ಹೊಸದು ಹಾಕಿದ. ಹಳೆಯದು ಕಾದು ಕುದಿದರೆ ಪೆಡಲ್ ನೆಲ ಮುಟ್ಟಿದರೂ ಕಾರು ನಿಲ್ಲುವುದಿಲ್ಲವಂತೆ. ಪ್ಯಾಡು ಬದಲಿಸಿದ, ಚಕ್ರದ ನಟ್ಟುಗಳನ್ನು ಬಿಗಿದ. ಕಾರಿನೊಳಗೆ ಸಡಿಲವಾಗಿ ಏನೂ ಇರಬಾರದೆಂದು ನಾನು ಮ್ಯಾಟು, ಜಾಕು, ಸ್ಟೆಪ್ನಿ, ಸೀಟಿನಡಿ ಉರುಳಾಡುತ್ತಿದ್ದ ಮೂರು ಪೆನ್ನು ಎಲ್ಲ ಹೊರಗೆ ಹಾಕಿದೆ. ಟ್ರ್ಯಾಕಿಗೆಂದು ತಂದ ಬಾಡಿಗೆಯ ಹೆಲ್ಮೆಟ್ಟು ಅಭ್ಯಾಸವಾಗಲೆಂದು ಮನೆಯಲ್ಲೇ ಹಾಕಿಕೊಂಡು ಅರ್ಧ ಗಂಟೆ ಕೂತೆ. ಅಮ್ಮ ಪಾತ್ರೆ ತೊಳೆಯುವುದನ್ನು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಪೆಡಲ್ ಬಿಚ್ಚುವುದು ಮಾತ್ರ ಉಳಿಯಿತು.

"ಭಾವ, ಹತ್ತು ನಿಮಿಷದ ಕೆಲಸ. ಬಿಡಿ, ನಾನು ಬಿಚ್ತೀನಿ," ಎಂದ ಮಾವ.

"ಹಾಕಿದ್ದು ನಾನು. ನಾನೇ ಬಿಚ್ತೀನಿ," ಎಂದ ಅಪ್ಪ.

ಡ್ಯಾಷ್‌ಬೋರ್ಡಿನಡಿ ತಲೆ ತೂರಿಸಿ ಒಂದು ಗಂಟೆ ತೆಗೆದುಕೊಂಡ. ಆಮೇಲೆ ಪೆಡಲನ್ನು ಹಳೆ ಬಟ್ಟೆಯಲ್ಲಿ ಸುತ್ತಿ ಮಾವನ ಕಪಾಟಿನಲ್ಲಿಟ್ಟ. ನನಗೆ ಪಾಪ ಅನ್ನಿಸಿತು.

ಟ್ರ್ಯಾಕಿನವರೆಗೆ ಅಪ್ಪನೇ ಓಡಿಸಿದ. ನಾನು ಎಷ್ಟು ಕೇಳಿದರೂ ಕೀ ಕೊಡಲಿಲ್ಲ. ಅಲ್ಲಿ ಬೇಲಿಯಾಚೆ ಅವನನ್ನು ನಿಲ್ಲಿಸಿದರು, ತರಬೇತುದಾರ ನನ್ನ ಪಕ್ಕ ಕೂತ. ಮೊದಲ ಸುತ್ತು ನಿಧಾನ. ಎರಡನೆಯದರಲ್ಲಿ ಉದ್ದದ ನೇರ ದಾರಿ ಮುಗಿದು ತಿರುವು ಹತ್ತಿರ ಬಂತು. ಇನ್ನೇನು ಯಾರಾದರೂ ಒತ್ತುತ್ತಾರೆ ಎಂದು ನನ್ನ ಕಾಲು ಕಾಯುತ್ತಿತ್ತು. ಯಾರೂ ಒತ್ತಲಿಲ್ಲ.

"ಬ್ರೇಕ್!" ಎಂದು ತರಬೇತುದಾರ ಕೂಗಿದ.

ಇದ್ದ ಬಲವೆಲ್ಲ ಹಾಕಿ ಒತ್ತಿದೆ. ಕಾರು ಮುಂದಕ್ಕೆ ಬಾಗಿತು, ಆದರೆ ಎಳ್ಳಷ್ಟೂ ಅತ್ತಿತ್ತ ಆಗಲಿಲ್ಲ. ವೇಗ ಇಳಿಯಿತು, ತಿರುವು ದಾಟಿದೆವು.

"ತಡವಾಯ್ತು. ಆದ್ರೆ ಚೆನ್ನಾಗಿ ಒತ್ತಿದ್ರಿ," ಎಂದ. ಮುಂದಿನ ಸುತ್ತುಗಳಲ್ಲಿ ಅವನು ಕೂಗಬೇಕಾಗಲಿಲ್ಲ.

ಇಳಿದಾಗ ಅಪ್ಪ ಏದುಸಿರು ಬಿಡುತ್ತ ಓಡಿ ಬಂದ.

"ಬ್ರೇಕ್ ಒತ್ತಿದ್ದು ಅವರಾ?"

"ಅವರ ಹತ್ರ ಪೆಡಲ್ ಎಲ್ಲಿದೆ ಅಪ್ಪಾ? ನಾನೇ."

"ಎಲ್ಲಾ ಸಲಾನೂ?"

"ಎಲ್ಲಾ ಸಲಾನೂ."

ಅವನು ಬಗ್ಗಿ ಮುಂದಿನ ಚಕ್ರಗಳನ್ನು ನೋಡತೊಡಗಿದ. ಒಂದು ಒಳ್ಳೆಯ ಮಾತಾಡಿದ್ದರೆ ಅವನ ಗಂಟೇನು ಹೋಗುತ್ತಿತ್ತು ಎಂದು ನನಗೆ ಸಿಟ್ಟು ಬಂತು.

ಹೊರಡುವ ಹೊತ್ತಿಗೆ ಕೀಯನ್ನು ನನ್ನ ಕೈಗಿಟ್ಟ. ನಾನು ಅವನಿಗೆಂದು ಪಕ್ಕದ ಸೀಟಿನ ಬಾಗಿಲು ತೆರೆದೆ. ಅವನು ಅದನ್ನು ಮುಚ್ಚಿ, ಹಿಂದಿನ ಸೀಟಿಗೆ ಹೋಗಿ ಕೂತ. ರಸ್ತೆಗಿಳಿದು ಹತ್ತು ನಿಮಿಷವಾಗಿರಲಿಲ್ಲ, ಗೊರಕೆ ಕೇಳಿಸಿತು. ನಾನು ಓಡಿಸುವಾಗ ಅಪ್ಪ ನಿದ್ದೆ ಹೋದದ್ದು ಅದೇ ಮೊದಲು.