ಅರ್ಧ ಸೋದರಮಾವ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಹೇಳಲು ನನಗಿಂತ ತಿಳಿದವರು ಬೇಕಾದಷ್ಟು ಜನ ಇದ್ದಾರೆ. ನಾನು ಕಂಪ್ಯೂಟರ್ ಕಲಿತದ್ದು ಶ್ರೀರಂಗಪಟ್ಟಣದ ಒಂದು ಸಂಜೆ ತರಗತಿಯಲ್ಲಿ, ಅದೂ ನಲವತ್ತು ದಾಟಿದ ಮೇಲೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ಹೋಗಿ ನೋಡುವ ಹೆಂಗಸು ನಾನು. ಅಂಥವಳು ಸರ್ವರ್ ರಿಪೇರಿಯ ಕಥೆ ಹೇಳುತ್ತೇನೆಂದರೆ ಬಲ್ಲವರಿಗೆ ನಗು ಬಂದೀತು. ನಗಲಿ, ತಪ್ಪಿದ್ದಲ್ಲಿ ತಿದ್ದಲಿ. ನಾನು ಹೇಳದಿದ್ದರೆ ನಿಂಗರಾಜು ಹೇಳುತ್ತಾರೆ. ಅವರು ಹೇಳಿದರೆ ಅದರಲ್ಲಿ ಅವರ ತಪ್ಪೇ ಇರುವುದಿಲ್ಲ.

ನಿಂಗರಾಜು ಎಂದರೆ ನನಗೆ ಕೆಲಸ ಕೊಟ್ಟ ಯಜಮಾನರು. ಪಾಂಡವಪುರದಲ್ಲಿ ಅವರದೊಂದು ಫೋಟೊ ಸ್ಟುಡಿಯೊ. ಅವರು ಮದುವೆಗಳಿಗೆ ಹೋಗಿ ಫೋಟೊ ತೆಗೆದು ತರುತ್ತಾರೆ, ನಾನು ಅವನ್ನೆಲ್ಲ ಒಂದು ಬಾಡಿಗೆ ಸರ್ವರಿಗೆ ಏರಿಸುತ್ತೇನೆ. ಮದುವೆ ಮನೆಯವರು ತಮ್ಮ ಮೊಬೈಲಿನಲ್ಲೇ ನೋಡಿ, ಆಲ್ಬಮ್ಮಿಗೆ ಬೇಕಾದವನ್ನು ಆರಿಸುತ್ತಾರೆ. ಈ ಸರ್ವರ್ ಕಣ್ಣಿಗೆ ಕಾಣುವ ಪೆಟ್ಟಿಗೆಯಲ್ಲ. ಎಲ್ಲೋ ದೂರದ ಊರಿನ ದೊಡ್ಡ ಯಂತ್ರದೊಳಗೆ ನಮಗೊಂದು ಪಾಲು, ವಠಾರದಲ್ಲಿ ಒಂದು ಮನೆ ಇದ್ದ ಹಾಗೆ. ಅಲ್ಲಿಗೆ ಹೋದ ಫೋಟೊಗಳ ನಕಲು ಇಲ್ಲಿಯೂ ಇರಬೇಕು ಎಂದು ನಾನು ನಿಂಗರಾಜುಗೆ ಹೇಳಿದ್ದೆ. ಆದರೆ ನಾನು ಹೇಳುವ ಮಾತು ನನಗೇ ಅರ್ಧ ಕೇಳಿಸುವಷ್ಟು ಮೆಲ್ಲಗೆ ಇರುತ್ತದೆ. ಅವರು ಕ್ಯಾಮೆರಾದ ಕಾರ್ಡು ಅಳಿಸಿಕೊಂಡು ಮುಂದಿನ ಮದುವೆಗೆ ಹೊರಟುಬಿಡುತ್ತಿದ್ದರು.

ಕಳೆದ ಶ್ರಾವಣದಲ್ಲಿ ಕೆ.ಆರ್. ಪೇಟೆಯ ಛತ್ರವೊಂದರಲ್ಲಿ ಮೇಘನ ಎಂಬ ಹುಡುಗಿಯ ಮದುವೆಯಾಯಿತು. ಅವಳ ತಾಯಿ ಪ್ರಮೀಳಾ, ಬೂಕನಕೆರೆಯವರು, ಹಸು ಸಾಕಿ ಹಾಲು ಹಾಕುವವರು. ಮದುವೆ ಆದ ಮೇಲೆ ಬೀಗರನ್ನು ಕರೆದು ಬಾಡೂಟ ಹಾಕಿಸಬೇಕು. ಶ್ರಾವಣದಲ್ಲಿ ಬಾಡು ಇಲ್ಲ. ಅದು ಕಳೆದರೆ ಗೌರಿ-ಗಣೇಶ, ಅದರ ಹಿಂದೆ ಪಿತೃಪಕ್ಷ, ಅದು ಮುಗಿದರೆ ನವರಾತ್ರಿ. ಹೀಗೆ ಬೀಗರೂಟ ಮುಂದಕ್ಕೆ ಹೋಗುತ್ತಾ ಹೋಗುತ್ತಾ ವಿಜಯದಶಮಿ ಕಳೆದ ಭಾನುವಾರಕ್ಕೆ ಬಂದು ನಿಂತಿತು. ಊಟ ತಡವಾದಷ್ಟೂ ಒಂದು ಮುನಿಸು ಚೆನ್ನಾಗಿ ಹಣ್ಣಾಯಿತು.

ಮುನಿಸು ಹುಡುಗಿಯ ಸೋದರಮಾವನದು. ನಾಗಮಂಗಲದ ಕಡೆಯ ಬೋರಯ್ಯ, ಪ್ರಮೀಳಾ ಅವರ ಅಣ್ಣ. ಧಾರೆಗೆ ಮುಂಚೆ ಹೆಣ್ಣಿನ ಕೈ ಹಿಡಿದು ಮಂಟಪಕ್ಕೆ ಕರೆತಂದವರು ಅವರೇ. ಆದರೆ ಮೇಘನ ಆರಿಸಿಟ್ಟ ಫೋಟೊಗಳನ್ನು ಅವರು ನೋಡಿದಾಗ ಬಾಣಸಿಗ ಇದ್ದ, ವಾಲಗದವರು ಇದ್ದರು, ಯಾರದೋ ಮಗು ಬಾಳೆಕಂಬ ಹಿಡಿದು ಜೋತುಬಿದ್ದದ್ದೂ ಇತ್ತು. ಸೋದರಮಾವ ಎಲ್ಲೂ ಇರಲಿಲ್ಲ. ಅಂದಿನಿಂದ ಬೋರಯ್ಯ ತಂಗಿಯ ಫೋನ್ ಎತ್ತಲಿಲ್ಲ. ಎತ್ತಿದಾಗ ಹೇಳಿದ್ದು ಒಂದೇ ಮಾತು: ತಾನು ಮಂಟಪದಲ್ಲಿ ಇದ್ದುದಕ್ಕೆ ಫೋಟೊ ತೋರಿಸಲಿ, ಬೀಗರೂಟಕ್ಕೆ ಬರುತ್ತೇನೆ.

ನಿಂಗರಾಜು ಪ್ರಮೀಳಾ ಅವರ ಮುಂದೆ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದರು. "ತೆಗ್ದಿವ್ನಿ ಕಣಕ್ಕ. ಸಾವ್ರಾರು ಫೋಟೊ ಅವೆ, ಅದ್ರೊಳ್ಗೆ ಎಲ್ಲೋ ಸೇರ್ಕಂಡೈತೆ. ಹಬ್ಬ ಕಳೀಲಿ, ಹುಡುಕ್ಕೊಡ್ತೀನಿ."

ಹಬ್ಬ ಬಂತು. ಆಯುಧಪೂಜೆಯ ದಿನ ಕ್ಯಾಮೆರಾ, ಲೈಟು, ಡ್ರೋನು, ಕಂಪ್ಯೂಟರು ಎಲ್ಲವನ್ನೂ ಸಾಲಾಗಿ ಜೋಡಿಸಿ ವಿಭೂತಿ ಬಳಿದು ಹೂವು ಏರಿಸಿದ್ದಾಯಿತು. ನಿಂಗರಾಜು ಆರತಿ ತಟ್ಟೆ ಹಿಡಿದುಕೊಂಡು ಸುತ್ತ ನೋಡಿದರು.

"ಪದ್ಮಕ್ಕ, ಸರ್ವರ್ ಎಲ್ಲೈತೆ? ಅದೂ ಆಯುಧನೇ ಅಲ್ವಾ?"

"ಅದು ಇಲ್ಲಿಲ್ಲ, ನಿಂಗರಾಜು. ಅದಕ್ಕೆ ಮೈ ಅಂತ ಒಂದಿಲ್ಲ."

"ಮೈಯೇ ಇಲ್ದಿದ್ರೆ ಕುಂಕುಮ ಎಲ್ಲಿಗಿಕ್ಕೋದು? ಪಾಪ, ವರ್ಸೆಲ್ಲ ದುಡಿಯೋದು ಅದು, ಪೂಜೆ ಮಾತ್ರ ಸ್ಕೂಟ್ರಿಗೆ!"

ಕೊನೆಗೆ ಸರ್ವರನ್ನು ನಡೆಸುವ ಪುಟವನ್ನು ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಗೋಡೆಗೆ ಅಂಟಿಸಿ, ಅದಕ್ಕೆ ಕುಂಕುಮ ಇಟ್ಟು ಬೂದುಗುಂಬಳಕಾಯಿ ಒಡೆದರು. ನಾನು ಕೈ ಮುಗಿದು ಶ್ರೀರಂಗಪಟ್ಟಣದ ಬಸ್ಸು ಹತ್ತಿದೆ. ಹಬ್ಬದ ಅಡುಗೆ ಬಾಕಿ ಇತ್ತು.

ಆಮೇಲೆ ನಡೆದದ್ದು ನನಗೆ ತಿಳಿದದ್ದು ತಡವಾಗಿ. ಪೂಜೆ ಮಾಡಿದ ಆಯುಧ ಅವತ್ತು ದುಡಿಯಬಾರದಲ್ಲ? ಎಲ್ಲವನ್ನೂ ಆರಿಸಿದ ನಿಂಗರಾಜುಗೆ ಸರ್ವರ್ ಒಂದನ್ನು ಮಾತ್ರ ದುಡಿಸುವುದು ಸರಿ ಕಾಣಲಿಲ್ಲ. ಪುಟ ತೆರೆದು, ಮೆಲ್ಲಗೆ ಮಲಗಿಸುವ ಬಟನ್ ಒತ್ತಿದರು. ಅದು ಆಗ ಫೋಟೊಗಳ ಚಿಕ್ಕ ಪ್ರತಿಗಳನ್ನು ಮಾಡಿ ಬರೆದುಕೊಳ್ಳುತ್ತಿತ್ತು, ಬೇಗ ನಿಲ್ಲಲಿಲ್ಲ. ರಾಹುಕಾಲ ಹತ್ತಿರ ಬರುತ್ತಿತ್ತು. ಪಕ್ಕದಲ್ಲೇ ಕೆಂಪು ಬಣ್ಣದ ಇನ್ನೊಂದು ಬಟನ್ ಇತ್ತು, ಬಲವಂತವಾಗಿ ನಿಲ್ಲಿಸುವಂಥದ್ದು. ಅದನ್ನು ಒತ್ತಿ ಮನೆಗೆ ಹೋಗಿ ಒಬ್ಬಟ್ಟು ತಿಂದರು.

ಹಬ್ಬ ಮುಗಿದು ನಾನು ಬಂದು ಸರ್ವರ್ ಏಳಿಸಿದರೆ ಅದು ಏಳಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ: ಯಾವ ಫೈಲು ಎಲ್ಲಿದೆ ಎಂದು ಬರೆದಿಡುವ ಫೈಲ್ ಸಿಸ್ಟಮ್ಮಿನಲ್ಲಿ ಲೆಕ್ಕ ತಾಳೆಯಾಗುತ್ತಿಲ್ಲ, ಎಫ್‌ಎಸ್‌ಸಿಕೆ ಎಂಬ ತಪಾಸಣೆಯನ್ನು ನೀನೇ ಕೈಯಿಂದ ನಡೆಸು, ಎಂದು. ನನಗೆ ಮೊದಲು ಅನಿಸಿದ್ದು ನಾನೇ ಏನೋ ಮಾಡಿದೆ ಎಂದು. ಯಾವಾಗಲೂ ಹಾಗೇ ಅನಿಸುತ್ತದೆ.

"ಎಲ್ಲಾ ಪೂಜೆ ಮಾಡಿದ್ದೂ ಇಂಗಾಯ್ತಲ್ಲ!" ಎಂದರು ನಿಂಗರಾಜು. ಆಗಲೇ ಕೆಂಪು ಬಟನ್ನಿನ ಸಂಗತಿ ಹೊರಬಿದ್ದದ್ದು.

ಪ್ರಮೀಳಾ ಅವರಿಗೆ ಫೋನ್ ಮಾಡಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರು ಕೊಟ್ಟಿಗೆಯಲ್ಲಿದ್ದರು. ಹಿಂದೆ ಹಸು ಕೂಗುವುದು ಕೇಳಿಸುತ್ತಿತ್ತು.

"ಮೇಡಮ್ಮೋರೇ, ನಮ್ಮಪ್ಪ ತೀರ್ಕಂಡ್ ಮೇಲೆ ನನ್ಗೆ ತವ್ರುಮನೆ ಅಂತ ಇರೋದು ಅವ್ನೊಬ್ನೇ. ಬೀಗ್ರು ಬಂದ್ ಕೂತ್ಮೇಲೆ, ಎಲ್ಲಮ್ಮ ನಿಮ್ಮಣ್ಣ ಅಂತ ಕೇಳುದ್ರೆ ಏನಂತ ಯೋಳ್ಲಿ? ಎಂಗಾರಾ ಮಾಡಿ ತೆಗ್ದುಕೊಡಿ."

ಎಂಗಾರಾ ಮಾಡಿ. ಸಂಜೆ ತರಗತಿಯ ನನ್ನ ಮೇಷ್ಟ್ರು ಶಿವಶಂಕರ್ ಅವರಿಗೆ ಫೋನ್ ಮಾಡಿದೆ.

"ಮೊದಲು ಇಡೀ ಡಿಸ್ಕಿನ ಒಂದು ನಕಲು ತೆಗೆದಿಡಿ, ಮೇಡಂ. ಕೆಟ್ಟದ್ದು ಕೆಟ್ಟ ಹಾಗೇ ಇರಲಿ," ಎಂದರು. "ಆಮೇಲೆ ಸರ್ವರನ್ನ ರೆಸ್ಕ್ಯೂ ಮೋಡಿನಲ್ಲಿ, ಅಂದರೆ ಅದರ ಡಿಸ್ಕ್ ಮುಟ್ಟದೆ, ಏಳಿಸಿ. ಡಿಸ್ಕ್ ಬಳಕೆಯಲ್ಲಿರುವಾಗ ತಪಾಸಣೆ ಮಾಡೋದು, ಒಲೆ ಮೇಲೆ ಹುಳಿ ಕುದಿಯುವಾಗ ಪಾತ್ರೆಗೆ ಕಲಾಯಿ ಹಾಕಿದ ಹಾಗೆ. ಮೊದಲನೇ ಸಲ ಏನೂ ತಿದ್ದಬೇಡ, ನೋಡಿ ಮಾತ್ರ ಹೇಳು ಅನ್ನಿ."

ಹಾಗೇ ಮಾಡಿದೆ. ನೋಡಿ ಹೇಳು ಅಂದದ್ದೇ ತಡ, ಅದು ಪರದೆ ತುಂಬ ದೂರು ಹೇಳಿತು. ಈ ಫೈಲಿಗೆ ಹೆಸರಿಲ್ಲ, ಆ ಹೆಸರಿಗೆ ಫೈಲಿಲ್ಲ, ಈ ಜಾಗ ಖಾಲಿ ಅಂದುಕೊಂಡಿದ್ದೆ, ಖಾಲಿಯಲ್ಲ. ಎರಡನೇ ಸಲ ತಿದ್ದಲು ಹೇಳಿದೆ. ಎಲ್ಲಕ್ಕೂ ಒಟ್ಟಿಗೆ ಹೂಂ ಅನ್ನುವ ದಾರಿ ಇತ್ತು. ನನಗೆ ಧೈರ್ಯ ಬರಲಿಲ್ಲ. ಅದು ಒಂದೊಂದಕ್ಕೂ ತಿದ್ದಲೇ ಎಂದು ಕೇಳಿತು, ನಾನು ಒಂದೊಂದನ್ನೂ ಓದಿ ಹೂಂ ಎಂದೆ.

"ಪದ್ಮಕ್ಕ, ಹೆಣ್ಣು ಗಂಡು ಒಪ್ಗೆ ಕೇಳುವಾಗ್ಲೂ ಇಷ್ಟ್ ಸಲ ಕೇಳಲ್ಲ. ಒಂದೇ ಸಲ ಹೂಂ ಅಂದ್ಬುಡಿ ಅತ್ಲಾಗೆ."

"ನೀವು ಒಂದೇ ಸಲ ಒತ್ತಿದ್ದಕ್ಕೇ ಅಲ್ಲವಾ ಇದೆಲ್ಲ ಆಗಿದ್ದು?"

ಇಷ್ಟು ಜೋರಾಗಿ ಹೇಳಿದ್ದು ನಾನೇ ಎಂದು ನನಗೆ ಆಶ್ಚರ್ಯವಾಯಿತು. ನಿಂಗರಾಜು ಟೀ ತರಲು ಹೋದರು.

ಕೊನೆಗೆ ತಪಾಸಣೆ ಸ್ವಚ್ಛ ಎಂದು ಹೇಳಿತು, ಸರ್ವರ್ ಎದ್ದಿತು. ಆದರೆ ಮೇಘನಳ ಮದುವೆಯ ಫೋಲ್ಡರೇ ಇರಲಿಲ್ಲ. ಹೆಸರು ಕಳೆದುಕೊಂಡ ಫೈಲುಗಳನ್ನು ತಪಾಸಣೆ ಒಂದು ಕಡೆ ಗುಡ್ಡೆ ಹಾಕುತ್ತದೆ, ಒಂದೊಂದಕ್ಕೂ ಬರೀ ಒಂದು ನಂಬರು ಕೊಟ್ಟು. ಛತ್ರದಲ್ಲಿ ಕರೆಂಟು ಹೋಗಿ ಜನ ನುಗ್ಗಿದ ಮೇಲೆ ಬಾಗಿಲಲ್ಲಿ ಉಳಿಯುತ್ತಲ್ಲ ಚಪ್ಪಲಿ ರಾಶಿ, ಹಾಗೆ. ಚಪ್ಪಲಿ ಇದೆ, ಯಾರದು ಎಂದು ಗೊತ್ತಿಲ್ಲ. ನಾಲ್ಕಾರು ಮದುವೆಗಳು, ಒಂದು ಸೀಮಂತ, ಗೋವಿಂದನಹಳ್ಳಿ ಗುಡಿಯ ಮುಂದೆ ತೆಗೆದ ಯಾರದೋ ಜೋಡಿ ಫೋಟೊ, ಎಲ್ಲ ಬೆರೆತುಹೋಗಿದ್ದವು. ಬೋರಯ್ಯನವರ ಮುಖವನ್ನು ನಾನು ನೋಡಿದವಳೇ ಅಲ್ಲ.

ಬೀಗರೂಟದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಗುರುತು ಹಿಡಿಯಲು ಪ್ರಮೀಳಾ ಸ್ಟುಡಿಯೊಗೆ ಬಂದರು. ನಾವು ಒಂದೊಂದೇ ಫೋಟೊ ತೆರೆಯುತ್ತಿದ್ದೆವು. ಕೆಲವು ಪೂರ್ತಿ ಇದ್ದವು. ಕೆಲವು ಮೇಲಿನ ಅರ್ಧ ಸರಿ ಇದ್ದು ಕೆಳಗೆ ಬರೀ ಬೂದು ಬಣ್ಣ. ಅಷ್ಟರಲ್ಲಿ ಬಾಗಿಲಲ್ಲಿ ಬಿಳಿ ಪಂಚೆಯ, ದಪ್ಪ ಮೀಸೆಯ ಹಿರಿಯರೊಬ್ಬರು ಬಂದು ನಿಂತರು.

"ಲೇ ನಿಂಗರಾಜು, ನನ್ನ ನುಂಗಾಕಿರೋ ಮಿಷಿನ್ನು ಯಾವ್ದ್ಲಾ? ನೋಡ್ಕೊಂಡ್ ಹೋಗಮ ಅಂತ ಬಂದೆ."

ಬೋರಯ್ಯ. ಪಾಂಡವಪುರಕ್ಕೆ ಬೇರೆ ಕೆಲಸಕ್ಕೆ ಬಂದಿದ್ದೆ ಎಂದರು. ಏನು ಕೆಲಸ ಎಂದು ಯಾರೂ ಕೇಳಲಿಲ್ಲ. ತಂಗಿಯ ಕಡೆ ನೋಡದೆ, ಫೋಟೊ ತೆಗೆಸಿಕೊಳ್ಳುವವರು ಕೂರುವ ಕುರ್ಚಿಯ ಮೇಲೆ, ಲೈಟಿನ ಕೊಡೆಯ ಕೆಳಗೆ ಗಂಭೀರವಾಗಿ ಕುಳಿತರು.

"ಆ ದಿನ ನೀನೇ ಅಲ್ವೇನ್ಲಾ, ಪಕ್ಕಕ್ ಬನ್ನಿ ಮಾವ, ಅಡ್ಡ ಬರ್ತಾ ಇದ್ದೀರಿ ಅಂದಿದ್ದು?"

"ಅದು ತಾಳಿ ಕಟ್ಟುವಾಗ, ಮಾವ. ಅದ್ಕೂ ಮುಂಚೆ ತೆಗ್ದಿದ್ದೆ."

"ತೆಗ್ದಿದ್ರೆ ತೋರ್ಸು."

ಒಂದು ನಂಬರು ತೆರೆದೆ: ಯಾರದೋ ಸೀಮಂತ. ಇನ್ನೊಂದು: ಅನ್ನದ ಕೊಳಗ. ಮತ್ತೊಂದು ತೆರೆದಾಗ ಪ್ರಮೀಳಾ ನನ್ನ ಭುಜ ಹಿಡಿದರು.

ಅರ್ಧ ಫೋಟೊ. ಮೇಲೆ ರೇಷ್ಮೆ ಪೇಟ, ಅದೇ ದಪ್ಪ ಮೀಸೆ. ಪಕ್ಕದಲ್ಲಿ ಮಲ್ಲಿಗೆ ಮುಡಿದ, ಬಾಸಿಂಗ ಕಟ್ಟಿದ ಮೇಘನಳ ತಲೆ. ಕುತ್ತಿಗೆಯಿಂದ ಕೆಳಗೆ ಬೂದು. ಕೈ ಕೈ ಹಿಡಿದದ್ದು ಇದ್ದಿದ್ದರೆ ಆ ಬೂದಿನೊಳಗೆ. ಆದರೆ ಬೋರಯ್ಯನವರ ಮುಖ ಸ್ಪಷ್ಟವಾಗಿತ್ತು. ಎರಡೂ ಕಣ್ಣು ತುಂಬಿದ್ದವು. ಒಂದು ಹನಿ ಕೆನ್ನೆಯ ನಡುವಿನವರೆಗೆ ಇಳಿದು ನಿಂತಿತ್ತು.

ಬೋರಯ್ಯ ಕುರ್ಚಿಯಿಂದ ಎದ್ದು ಬಂದು ಪರದೆಗೆ ಬಗ್ಗಿ ನೋಡಿದರು.

"ಮಾವ, ಕಣ್ಣಲ್ಲಿ ಅದೇನು?" ಎಂದರು ನಿಂಗರಾಜು.

"ಹೋಮದ ವೊಗೆ ಕಣ್ಲಾ."

"ಹೋಮ ಇನ್ನೂ ಹಚ್ಚಿರ್ಲಿಲ್ಲ, ಮಾವ."

"ನೀನೇನ್ ಪುರೋಯ್ತ್ನಾ? ಮುಚ್ಕೊಂಡ್ ಕೂತ್ಕೊ." ಆಮೇಲೆ ನನ್ನ ಕಡೆ ತಿರುಗಿದರು. "ಅಳ್ಸಾಕವ್ವ ಇದ್ನ."

ಹೇಗೆ ಹೇಳಲಿ ಆ ಕ್ಷಣದ ನನ್ನ ಸಂಕಟವನ್ನು. ಹೂಂ ಹೂಂ ಎಂದು ಒತ್ತಿ ಒತ್ತಿ ಬೆರಳು ನೋವಾಗಿ ಎಬ್ಬಿಸಿ ತಂದ ಫೋಟೊ!

ಪ್ರಮೀಳಾ ಮಾತ್ರ ಪರದೆಯಿಂದ ಕಣ್ಣು ತೆಗೆದಿರಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದರು: "ಅಳ್ಸದ್ಯಾಕೆ? ದೊಡ್ದು ಮಾಡ್ಸಿ, ಕಟ್ಟಾಕ್ಸಿ, ನಾಳೆ ಬೀಗ್ರು ಕೂರೋ ಪಡಸಾಲೆಗೇ ತಗ್ಲಾಕ್ತೀನಿ."

"ತಗ್ಲಾಕುದ್ರೆ ನಾನ್ ಬರಕಿಲ್ಲ!"

"ಅಂಗಾದ್ರೆ ತಗ್ಲಾಕ್ದೆ ಇದ್ರೆ ಬರ್ತೀಯಾ?"

ನಿಂಗರಾಜು ಗೋಡೆಯ ಕಡೆ ತಿರುಗಿ ನಿಂತರು, ಭುಜ ಅಲುಗುತ್ತಿತ್ತು. ಗೋಡೆಯ ಮೇಲೆ ಕುಂಕುಮ ಹತ್ತಿದ ಆ ಕಾಗದ ಇನ್ನೂ ಇತ್ತು.

"ಬರ್ತೀನಿ ಬುಡು," ಎಂದರು ಬೋರಯ್ಯ. "ಆಡು ಎಲ್ಲಿಂದ ತರ್ಸಿದ್ದೀಯೆ? ಮೊದ್ಲೇ ಯೋಳಿದ್ರೆ ನಮ್ ಕಡೆಯಿಂದ ಒಳ್ಳೇದ್ ತರ್ತಿದ್ದೆ."

"ಫೋನ್ ಎತ್ತುದ್ರೆ ತಾನೇ ಯೋಳೋದು?"

ಇಬ್ಬರೂ ಒಂದೇ ಬಸ್ಸಿಗೆ ಹೋದರು. ಬಾಗಿಲು ದಾಟುವಾಗಲೂ ಜಗಳ ಆಡುತ್ತಲೇ ಇದ್ದರು, ಆದರೆ ಅದು ಬೇರೆ ಜಗಳ.

ಭಾನುವಾರದ ಊಟಕ್ಕೆ ನನ್ನನ್ನೂ ಕರೆದಿದ್ದರು. ನಾನು ಬಾಡು ತಿನ್ನುವುದಿಲ್ಲ ಎಂದು ಪಾಯಸ, ಕೋಸಂಬರಿ ಬೇರೆಯಾಗಿ ಮಾಡಿಸಿದ್ದರು. ಬೋರಯ್ಯ ಬೀಗರ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಕುಳಿತಿದ್ದರು. ನಿಂಗರಾಜು ಕ್ಯಾಮೆರಾ ಎತ್ತಿದರೆ ಕೂಗಿ ಹೇಳಿದರು: "ಈ ಸಲ ಕಾಲ್ತನ್ಕ ತೆಗಿಯಪ್ಪ! ನಮ್ಮನ್ನ ಅರ್ಧಕ್ಕೇ ಬುಟ್ಬುಡ್ಬೇಡ." ಬೀಗರಿಗೆ ಅರ್ಥವಾಗಲಿಲ್ಲ. ಪ್ರಮೀಳಾ ಮುದ್ದೆಯ ತಟ್ಟೆ ಹಿಡಿದು ನಿಂತಲ್ಲೇ ನಕ್ಕರು.

ಆ ಅರ್ಧ ಫೋಟೊವನ್ನು ಮನೆಯವರು ನೋಡುವ ಪುಟಕ್ಕೆ ನಾನು ಏರಿಸಲಿಲ್ಲ, ಹಿರಿಯರ ಮಾತು. ಆದರೆ ಬೋರಯ್ಯ ಅಳಿಸಲು ಹೇಳಿದಾಗ ಪ್ರಮೀಳಾ ತಮ್ಮ ಮೊಬೈಲು ಕೈಗೆತ್ತಿಕೊಂಡಿದ್ದರು. ಪರದೆಯ ಫೋಟೊ ತೆಗೆದುಕೊಂಡರೋ ಇಲ್ಲವೋ, ನಾನು ನೋಡಲಿಲ್ಲ, ನೋಡಬಾರದೆಂದೇ ನೋಡಲಿಲ್ಲ.

ಇನ್ನು ಡಿಸ್ಕು ಕೆಟ್ಟದ್ದು ಕೆಂಪು ಬಟನ್ನಿನಿಂದಲೋ, ಅಥವಾ ಅದಕ್ಕೂ ಮುಂಚೆಯೇ ಒಳಗೆ ಏನೋ ಸಡಿಲವಾಗಿತ್ತೋ, ನನಗೆ ತಿಳಿಯದು. ಶಿವಶಂಕರ್ ಮೇಷ್ಟ್ರು ಎರಡೂ ಇರಬಹುದು ಎಂದರು. ಅವರು ಹಾಗೆಂದರೆ ಅವರಿಗೂ ಗೊತ್ತಿಲ್ಲ ಎಂದು ಅರ್ಥ. ಕೈ ಕೈ ಹಿಡಿದಿದ್ದ ಆ ಕೆಳಗಿನ ಅರ್ಧ ಎಲ್ಲಿ ಹೋಯಿತೆಂದೂ ಗೊತ್ತಿಲ್ಲ. ತೆಗೆದಿಟ್ಟ ನಕಲಿನಲ್ಲಿ ಮತ್ತೆ ಹುಡುಕಿದೆ, ಸಿಗಲಿಲ್ಲ. ಮತ್ತೆ ಬೋರಯ್ಯನವರು ಆ ದಿನ ಯಾಕೆ ಅತ್ತರು ಎಂಬುದು. ಅದನ್ನು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನನಗೆ ಗೊತ್ತಿಲ್ಲ.