ಜಾಯ್ಸ್‌ಳ ಸಿಳ್ಳೆ

ಮರ್ವಿನ್ ಪೆನ್‌ಹಾಲ್ ಬರೆದ ಸಂಗೀತವನ್ನೆಲ್ಲ ಇಪ್ಪತ್ತೇಳು ವರ್ಷ ನಕಲು ಮಾಡಿದವಳು ನಾನು. ಅವನ ಬಗ್ಗೆ ಬಂದಿರುವ ಎರಡು ಪುಸ್ತಕಗಳಲ್ಲೂ ನನ್ನ ಹೆಸರಿಲ್ಲ, ಅದಕ್ಕೆ ನನಗೆ ಬೇಜಾರೂ ಇಲ್ಲ. ಆದರೆ ಎರಡರಲ್ಲೂ ಒಂದು ಮಾತಿದೆ: ಅರವತ್ಮೂರನೇ ವಯಸ್ಸಿನಲ್ಲಿ, ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದ ತೃಪ್ತಿಯಿಂದ ಅವನು ಪೆನ್ನು ಕೆಳಗಿಟ್ಟನಂತೆ. ತೃಪ್ತಿಯಂತೆ, ಮಣ್ಣಾಂಗಟ್ಟಿ. ಪೆನ್ನು ಕೆಳಗಿಡುವಂತೆ ಮಾಡಿದವಳು ನಾನು, ಅದೂ ಒಂದು ಗೋಂದಿನ ಬಾಟಲಿಯಿಂದ.

ಮರ್ವ್ ದಕ್ಷಿಣ ಆಸ್ಟ್ರೇಲಿಯಾದ ಮೂಂಟಾ ಎಂಬ ಊರಿನವನು. ಅಲ್ಲಿನ ತಾಮ್ರದ ಗಣಿ ಅವನು ನಡೆಯಲು ಕಲಿಯುವ ಹೊತ್ತಿಗೇ ಮುಚ್ಚಿತ್ತು. ಅಪ್ಪ ಬಂದರಿನಲ್ಲಿ ಗೋಧಿ ಮೂಟೆ ಹೊತ್ತು ಮನೆ ನಡೆಸಿದ. ಊರ ಬ್ಯಾಂಡಿನಲ್ಲಿ ಕಾರ್ನೆಟ್ ತುತ್ತೂರಿ ಊದಿಕೊಂಡಿದ್ದ ಹುಡುಗ ವಿದ್ಯಾರ್ಥಿವೇತನ ಗಿಟ್ಟಿಸಿ ಲಂಡನ್ನಿಗೆ ಹೋಗಿ, ವಸಾಹತಿನವನಾದರೂ ಪರವಾಗಿಲ್ಲ ಎಂದು ಅಲ್ಲಿಯವರಿಂದ ಬೆನ್ನು ತಟ್ಟಿಸಿಕೊಂಡು ವಾಪಸು ಬಂದ. ಅಡಿಲೇಡಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದ, ನಾಲ್ಕು ಸಿಂಫನಿ ಬರೆದ, ಲೆಕ್ಕವಿಲ್ಲದಷ್ಟು ಸಮಿತಿಗಳಲ್ಲಿ ಕೂತು ತೂಕಡಿಸಿದ. ಅವನ ಕಿವಿಗೆ ಎಲ್ಲರೂ ಹೆದರುತ್ತಿದ್ದರು. ಎಂಬತ್ತು ಜನ ಒಟ್ಟಿಗೆ ನುಡಿಸುತ್ತಿರುವಾಗ ಹಿಂದಿನ ಸಾಲಿನಲ್ಲಿ ಒಬ್ಬನ ಬೆರಳು ಜಾರಿದರೆ ಹೆಸರು ಹಿಡಿದು ಕೂಗುತ್ತಿದ್ದ.

ನಾನು ಅವನಲ್ಲಿಗೆ ಸಂಗೀತ ಬರೆಯಲು ಕಲಿಯಬೇಕೆಂದು ಬಂದವಳು. ಎರಡನೇ ವರ್ಷದ ಕೊನೆಗೆ ನನ್ನ ಹಾಳೆಗಳನ್ನು ಮುಂದಿಟ್ಟುಕೊಂಡು ಅವನು ಹೇಳಿದ್ದು ಇಷ್ಟು: "ಎರ್ನಾ, ನೀನು ಬರೆಯೋ ಸಂಗೀತ ಯಾರಿಗೂ ಬೇಡ. ಆದ್ರೆ ಈ ಕೈಬರಹ ಇದೆಯಲ್ಲ, ಇದಕ್ಕೆ ನಾನು ಕ್ಯೂ ನಿಲ್ತೀನಿ."

ಎರಡು ದಿನ ಅತ್ತೆ. ಮೂರನೇ ದಿನ ಅವನ ಮನೆಗೆ ಹೋಗಿ ಊಟದ ಮೇಜಿನ ಮೇಲೆ ನಕಲು ಮಾಡಲು ಕೂತೆ. ವಾದ್ಯವೃಂದದಲ್ಲಿ ಪ್ರತಿಯೊಬ್ಬನಿಗೂ ಅವನವನ ಹಾಳೆ ಬೇಕು. ಮೂಲದಿಂದ ಒಂದೊಂದನ್ನೇ ಬಿಡಿಸಿ ಶಾಯಿಯಲ್ಲಿ ಬರೆಯುವುದು ನನ್ನ ಕೆಲಸ. ಪ್ರತಿ ಹಾಳೆಯ ಕೆಳಗೆ ಎಡಮೂಲೆಯಲ್ಲಿ ಸಾಸಿವೆಯಷ್ಟು ಚಿಕ್ಕದಾಗಿ ನನ್ನ ಹೆಸರಿನ ಎರಡಕ್ಷರ ಹಾಕುತ್ತಿದ್ದೆ. ನನ್ನ ಹಾಳೆಯಲ್ಲಿ ತಪ್ಪಿರುವುದಿಲ್ಲ ಎಂದು ವಾದಕರು ಆಣೆ ಇಡುತ್ತಿದ್ದರು. ಅದೇ ನನ್ನ ಕೊಬ್ಬು.

ಅವನ ಹೆಂಡತಿ ಜಾಯ್ಸ್ ನನಗೆ ಅವನಿಗಿಂತ ಹತ್ತಿರದವಳಾದಳು. ಮೊದಲು ಅವನನ್ನು ಪ್ರೊಫೆಸರ್ ಎಂದು ಕರೆಯುತ್ತಿದ್ದೆ. "ನನ್ ಅಡುಗೆಮನೇಲಿ ಪ್ರೊಫೆಸರ್ ಗಿಫೆಸರ್ ಯಾರೂ ಇಲ್ಲ ಕಣೇ, ಪಾತ್ರೆ ಒರೆಸೋ ಮರ್ವ್ ಒಬ್ಬ ಇದಾನೆ" ಎಂದು ಜಾಯ್ಸ್ ಅದನ್ನು ಬಿಡಿಸಿದಳು. ಹಿತ್ತಲಿನ ತಿರುಗುವ ತಂತಿಗೆ ಬಟ್ಟೆ ಹಾಕುವಾಗ ಅವಳು ಸಿಳ್ಳೆ ಹೊಡೆಯುತ್ತಿದ್ದಳು. ಎಲ್ಲೂ ಕಲಿತ ಹಾಡಲ್ಲ, ಅವಳದೇ ಒಂದು ಎರಡು ಸಾಲಿನ ಧಾಟಿ. ವಿಚಿತ್ರವೆಂದರೆ ಯಾವತ್ತು ಹೊಡೆದರೂ ಅದೇ ಸ್ವರದಿಂದ ಶುರು. ಮರ್ವ್ ಎಷ್ಟೋ ಸಲ ಪಿಯಾನೋ ಒತ್ತಿ ನೋಡಿ ತಲೆ ಕೆರೆದುಕೊಂಡಿದ್ದಾನೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಆ ಜಾಯ್ಸ್ ಹೊಟ್ಟೆಯ ಕ್ಯಾನ್ಸರಿನಲ್ಲಿ ಆರೇ ವಾರಕ್ಕೆ ಹೋಗಿಬಿಟ್ಟಳು. ವರ್ಷ ಕಳೆದ ಮೇಲೆ ಮರ್ವ್ ಹೊಸ ಕೃತಿಯೊಂದರ ಮೂಲವನ್ನು ನನ್ನ ಕೈಗಿಟ್ಟ. ಇಪ್ಪತ್ತು ನಿಮಿಷದ್ದು. ಕೊನೆಗೆ ಎಲ್ಲ ಅಡಗಿ, ಕೆಳಗೆ ಚೆಲೋ ಎಂಬ ದಪ್ಪ ದನಿಯ ದೊಡ್ಡ ಪಿಟೀಲುಗಳು ಮಾತ್ರ ಒಂದೇ ಸ್ವರ ಹಿಡಿದು ನಿಂತಿರುವಾಗ, ಮೇಲೆ ಒಂಟಿ ಕ್ಲಾರಿನೆಟ್ಟಿನಲ್ಲಿ ಅವಳ ಆ ಎರಡು ಸಾಲು.

"ಮುಖಕ್ಕೆ ಫೋಟೋ ಇದೆ" ಎಂದ. "ಸಿಳ್ಳೆಗೆ ಏನಿದೆ ಹೇಳು? ತಲೆಯೊಳಗೆ ಕೇಳುತ್ತೆ. ಆದ್ರೆ ಹೊರಗಿಂದ ಬರಬೇಕು ಎರ್ನಾ, ಹಿತ್ತಲಿಂದ ಬರ್ತಿತ್ತಲ್ಲ ಹಾಗೆ. ಒಂದು ಸಲ ಕೇಳ್ಬಿಟ್ರೆ ಸಾಕು, ಆಮೇಲೆ ಏನಾದ್ರೂ ಆಗ್ಲಿ."

"ಪಿಯಾನೋದಲ್ಲಿ ನುಡಿಸಿ ನೋಡೋಕೆ ಏನು ಧಾಡಿ?"

"ಆ ಪಿಯಾನೋ ಕೆಟ್ಟು ಕೆರ ಹಿಡಿದಿದೆ."

ಅದು ಆ ವರ್ಷದ ದೊಡ್ಡ ರಗಳೆ. ಮೇಲಿನ ಸ್ವರಗಳೆಲ್ಲ ಏರಿವೆ ಎಂದು ಶ್ರುತಿ ಮಾಡುವ ಮುದುಕ ಹಾಬ್ಸ್‌ನನ್ನು ಮೂರು ಸಲ ಕರೆಸಿದ್ದ. ಮೂರನೆಯ ಸಲ ಹಾಬ್ಸ್ ತನ್ನ ಚೀಲ ಕಟ್ಟುತ್ತಾ, "ಸ್ವಾಮಿ, ಇದಕ್ಕೇನೂ ಆಗಿಲ್ಲ. ನೀವು ಒಂದು ಸಲ ಡಾಕ್ಟರ್ ಹತ್ರ ಕಿವಿ ತೋರಿಸ್ಕೊಳ್ಳಿ" ಎಂದಿದ್ದಕ್ಕೆ ಅವನನ್ನು ಬೈದು ಬಾಗಿಲ ತನಕ ಅಟ್ಟಿದ. ಆಮೇಲೆ ಪಿಯಾನೋದ ಮುಚ್ಚಳ ತೆಗೆಯಲೇ ಇಲ್ಲ. ತರಗತಿಯಲ್ಲೂ ಹುಡುಗರಿಗೆ ನುಡಿಸಬೇಡಿ, ಹಾಳೆ ಕೊಡಿ, ಓದಿಕೊಳ್ಳುತ್ತೇನೆ ಎನ್ನತೊಡಗಿದ. ಹೆಂಡತಿ ಸತ್ತವನ ಸಿಡುಕು ಎಂದು ನಾವೆಲ್ಲ ಸುಮ್ಮನಿದ್ದೆವು.

ಇನ್ನು ನನ್ನ ತಪ್ಪಿನ ವಿಷಯ. ಕ್ಲಾರಿನೆಟ್ ಊದುವವರ ಹತ್ತಿರ ಎರಡು ವಾದ್ಯ ಇರುತ್ತದೆ, ಒಂದು ಗಿಡ್ಡ, ಒಂದು ತುಸು ಉದ್ದ. ಹಾಳೆಯಲ್ಲಿ ಇರುವುದು ಒಂದೇ ಆದರೂ, ಉದ್ದದ್ದರಲ್ಲಿ ಊದಿದರೆ ಗಿಡ್ಡದ್ದಕ್ಕಿಂತ ಅರ್ಧ ಸ್ವರ ಕೆಳಗೆ ಕೇಳುತ್ತದೆ. ಆದ್ದರಿಂದ ಯಾವ ವಾದ್ಯ ಎಂದು ನೋಡಿಕೊಂಡು ನಕಲುಗಾರ್ತಿ ಸ್ವರಗಳನ್ನು ಸರಿಸಿ ಬರೆಯಬೇಕು. ಮರ್ವ್ ಕೃತಿಯುದ್ದಕ್ಕೂ ಗಿಡ್ಡದ್ದನ್ನು ಇಟ್ಟು, ಆ ಕೊನೆಯ ಎರಡು ಸಾಲಿಗೆ ಮಾತ್ರ ಉದ್ದದ್ದು ಬೇಕೆಂದಿದ್ದ; ಅದರ ದನಿ ಮೆತ್ತಗೆ. ಉದ್ದದ್ದನ್ನು ತೆಗೆದುಕೊಳ್ಳಿ ಎಂದು ನಾನು ಬರೆದೆ. ಬರೆದು, ಸ್ವರಗಳನ್ನು ಗಿಡ್ಡದ್ದರ ಲೆಕ್ಕದಲ್ಲೇ ಮುಂದುವರಿಸಿದೆ. ಆ ಸಾಲು ನನಗೂ ಬಾಯಿಪಾಠ. ಜಾಯ್ಸ್ ಕಣ್ಣ ಮುಂದೆಯೇ ನಿಂತಿದ್ದಳು, ಬಾಯಲ್ಲಿ ಎರಡು ಬಟ್ಟೆಪಿನ್ನು ಕಚ್ಚಿಕೊಂಡು. ಅಳುತ್ತ ಬರೆದೆ. ಅಳುತ್ತ ಬರೆಯುವ ಕೆಲಸವಲ್ಲ ಅದು.

ರಿಹರ್ಸಲ್ ಗುರುವಾರ ಬೆಳಿಗ್ಗೆ. ಸತ್ತು ನೂರು ವರ್ಷವಾದ ಜರ್ಮನ್ನನ ಸಿಂಫನಿಗೆ ನಮ್ಮಲ್ಲಿ ಮೂರು ರಿಹರ್ಸಲ್ ಕೊಡುತ್ತಾರೆ, ಬದುಕಿರುವ ನಮ್ಮೂರವನಿಗೆ ಒಂದು. ಕೊನೆಯ ಭಾಗ ಬಂತು. ಚೆಲೋಗಳು ತಮ್ಮ ಸ್ವರ ಹಿಡಿದವು. ಕ್ಲಾರಿನೆಟ್ಟಿನ ವಿಕ್ ಮರಾಫಿಯೋಟಿ, ಆ ವೃಂದದ ಅತಿ ಒಳ್ಳೆಯ ಉಸಿರಿನವನು, ಶುರು ಮಾಡಿದ. ಮೊದಲ ಸ್ವರಕ್ಕೇ ನನ್ನ ತಪ್ಪು ನನಗೆ ಗೊತ್ತಾಯಿತು. ಚೆಲೋಗಳ ಮೇಲೆ ಆ ಧಾಟಿ ಗಾಜು ಕೆರೆದ ಹಾಗೆ ಕೆರೆಯುತ್ತಿತ್ತು. ಹಿಂದಿನ ಸಾಲಿನ ಇಬ್ಬರು ಮುಖ ಮುಖ ನೋಡಿಕೊಂಡರು. ಇಂಗ್ಲೆಂಡಿನಿಂದ ಬಂದಿದ್ದ ನಿರ್ದೇಶಕ ಕೋಲು ಇಳಿಸಿ ಸಭಾಂಗಣದ ಕಡೆ ತಿರುಗಿದ.

"ಪ್ರೊಫೆಸರ್, ಕ್ಲಾರಿನೆಟ್ ಇಲ್ಲಿ ಸ್ವಲ್ಪ ಒರಟಾಗಿ ಬರ್ತಿದೆ. ನಿಮಗೆ ಹೀಗೇ ಬೇಕಾ?"

ನಾನು ನನ್ನ ತಪ್ಪು ಎನ್ನಲು ಎದ್ದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಮರ್ವ್ ಎದ್ದು ನಿಂತಿದ್ದ. ಅವನ ಕೆನ್ನೆಯೆಲ್ಲ ಒದ್ದೆ. ಇಪ್ಪತ್ತೇಳು ವರ್ಷದಲ್ಲಿ, ಜಾಯ್ಸ್‌ಳನ್ನು ಮಣ್ಣು ಮಾಡಿದ ದಿನವೂ, ಅವನು ಅತ್ತಿದ್ದನ್ನು ನಾನು ಕಂಡಿರಲಿಲ್ಲ.

"ಮುಟ್ಟಬೇಡಿ" ಎಂದ. "ಅದನ್ನ ಯಾರೂ ಮುಟ್ಟಬೇಡಿ. ಸರಿಯಾಗಿದೆ."

ಪ್ರೊಫೆಸರ್ ಪೆನ್‌ಹಾಲ್‌ನ ಕಿವಿಗೆ ಎದುರಾಡುವವರು ಯಾರು? ನಿರ್ದೇಶಕ ಭುಜ ಹಾರಿಸಿ ಪುಟ ತಿರುಗಿಸಿದ. ಆಧುನಿಕ ಸಂಗೀತ, ಕೆರೆಯುವುದೇ ಇರಬೇಕು ಎಂದುಕೊಂಡಿರುತ್ತಾನೆ. ಮರ್ವ್ ನನ್ನ ಕೈ ಹಿಡಿದು ಕೂತ. "ಅವಳೇ ಕಣೇ" ಎಂದ. "ಹಾಗ್ ಹಾಗೇ."

ರಿಹರ್ಸಲ್ ಮುಗಿದ ಮೇಲೆ ಮೂಲವನ್ನೂ ನಕಲನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ. ನನ್ನದೇ ತಪ್ಪು, ಅನುಮಾನವಿಲ್ಲ. ಅವನಿಗೆ ಅದು ಸರಿಯಾಗಿ ಕೇಳಿಸಿದ್ದು ಹೇಗೆ ಎಂದು ಹೊಳೆಯಲು ಒಂದು ಗಂಟೆ ಹಿಡಿಯಿತು. ಹಾಬ್ಸ್ ಹೇಳಿದ್ದು ನಿಜ. ಮೇಲಿನ ಸ್ವರಗಳೆಲ್ಲ ಮರ್ವ್‌ನ ಕಿವಿಗೆ ಈಗ ಅರ್ಧ ಸ್ವರ ಏರಿ ಕೇಳುತ್ತಿವೆ. ಕೆಳಗಿನವು ಇನ್ನೂ ನೆಟ್ಟಗಿವೆ. ನನ್ನ ತಪ್ಪು ಆ ಧಾಟಿಯನ್ನು ಅರ್ಧ ಸ್ವರ ಇಳಿಸಿತ್ತು. ಎರಡು ಕೇಡು ಸೇರಿ ಅವನಿಗೆ ಹೆಂಡತಿಯನ್ನು ತಂದುಕೊಟ್ಟಿದ್ದವು.

ಶುಕ್ರವಾರ ಮಧ್ಯಾಹ್ನ ಹೇಳಿಬಿಡೋಣ ಎಂದು ಅವನ ಮನೆಗೆ ಹೋದೆ. ಅಡುಗೆಮನೆಯಲ್ಲಿ ನಿಂತು ಮಾಂಸ ತುಂಬಿದ ಪೇಸ್ಟಿ ತಿನ್ನುತ್ತಿದ್ದ. ಒಂದು ಮುಗಿದು ಎರಡನೆಯದಕ್ಕೆ ಕೈ ಹಾಕಿದ್ದ. ವರ್ಷದಿಂದ ಬ್ರೆಡ್ಡು ಚಹಾದಲ್ಲಿ ದಿನ ದೂಡಿದ ಮನುಷ್ಯ.

"ಏನ್ ಮುಖ ಅದು, ಸಾವಿನ ಮನೆಯಿಂದ ಬಂದವಳ ಹಾಗೆ?" ಎಂದ. "ಕೂತ್ಕೋ. ಭಾನುವಾರ ಕಾರ್ಯಕ್ರಮಕ್ಕೆ ಜಾಯ್ಸ್ ಕೊಡಿಸಿದ ಟೈ ಹಾಕ್ಲಾ? ಹಸಿರುದು. ಕಣ್ಣಿಗೆ ಹೊಡೆಯುತ್ತೆ ಅಂತ ನೀನೇ ನಗಾಡಿದ್ದೆ."

"ಹಾಕ್ಕೋ" ಎಂದೆ. ಅಷ್ಟಕ್ಕೇ ಹೊರಟುಬಿಟ್ಟೆ.

ಅಲ್ಲಿಂದ ನೇರವಾಗಿ ವಾದ್ಯವೃಂದದ ಗ್ರಂಥಾಲಯಕ್ಕೆ ಹೋದೆ. ಆ ಎರಡು ಸಾಲನ್ನು ಸರಿಯಾಗಿ ಬೇರೆ ಪಟ್ಟಿಯಲ್ಲಿ ಬರೆದು ವಿಕ್‌ನ ಹಾಳೆಯ ಮೇಲೆ ಗೋಂದು ಹಚ್ಚಿ ಅಂಟಿಸಿದೆ. ಸಾವಿರ ಜನ, ರೇಡಿಯೋ, ಪತ್ರಿಕೆಯವರು. ಅವರ ಮುಂದೆ ಅದು ಕೆರೆದರೆ ಪೆನ್‌ಹಾಲ್‌ಗೆ ಕಿವಿ ಹೋಗಿದೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ, ಅವನ ಮಾನ ಉಳಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಆ ಹಾಳೆಯ ಮೂಲೆಯಲ್ಲಿ ನನ್ನ ಎರಡಕ್ಷರ ಇತ್ತು. ಅದರ ಮೇಲೆ ತಪ್ಪು ನುಡಿಯುವುದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ಸಂಗೀತ ಕಛೇರಿ ಭಾನುವಾರ ಮೂರು ಗಂಟೆಗೆ. ಹೊರಗೆ ಉತ್ತರದ ಮರಳುಗಾಡಿನ ಬಿಸಿಗಾಳಿ, ಒಳಗೆ ಎಲ್ಲರ ಕೈಯಲ್ಲೂ ಕಾರ್ಯಕ್ರಮದ ಹಾಳೆಯೇ ಬೀಸಣಿಗೆ. ಮರ್ವ್ ಹಸಿರು ಟೈ ಕಟ್ಟಿಕೊಂಡು ಶಾಲೆಗೆ ಹೊರಟ ಮಗುವಿನಂತೆ ನೆಟ್ಟಗೆ ಕೂತಿದ್ದ. ಹದಿನೆಂಟು ನಿಮಿಷ ಅಲುಗಾಡಲಿಲ್ಲ. ಚೆಲೋಗಳು ಸ್ವರ ಹಿಡಿದಾಗ ಕಣ್ಣು ಮುಚ್ಚಿದ. ವಿಕ್ ಊದಿದ. ಎಷ್ಟು ಚೆನ್ನಾಗಿ ಊದಿದ ಎಂದರೆ ನನ್ನ ಮುಂದಿದ್ದ ಹೆಂಗಸು ಕರವಸ್ತ್ರ ಹುಡುಕತೊಡಗಿದಳು. ಜಾಯ್ಸ್‌ಳ ಸಿಳ್ಳೆ, ಅವಳದೇ ಸ್ವರದಲ್ಲಿ, ಹಿತ್ತಲಿನಿಂದ ಬಂದಂತೆ ಬಂತು. ಅಲ್ಲಿದ್ದ ಸಾವಿರ ಜನರಲ್ಲಿ ಅದನ್ನು ಗುರುತಿಸಿದವಳು ನಾನೊಬ್ಬಳೇ.

ಮರ್ವ್ ಕಣ್ಣು ತೆರೆದ. ಪಕ್ಕಕ್ಕೆ ತಿರುಗಿ ನನ್ನನ್ನು ನೋಡಿ, "ಇವಳಲ್ಲ" ಎಂದ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನು ವೇದಿಕೆಗೆ ಹೋಗಿ ಬಾಗಿದ, ನಿರ್ದೇಶಕನ ಕೈ ಕುಲುಕಿದ, ಮತ್ತೆ ಬಾಗಿದ. ನಾನು ಹಿಂದಿನ ಕೋಣೆಗೆ ಓಡಿದೆ. ಅಷ್ಟರಲ್ಲಿ ಅವನು ವಿಕ್‌ನ ಮುಂದೆ ನಿಂತಿದ್ದ.

"ಯಾಕಪ್ಪಾ ಹೀಗ್ ಮಾಡ್ದೆ? ಗುರುವಾರ ಎಷ್ಟ್ ಚೆನ್ನಾಗಿತ್ತು."

ವಿಕ್ ಒಳ್ಳೆಯವನು, ತಬ್ಬಿಬ್ಬಾದ. "ಹಾಳೇಲಿ ಇದ್ದಿದ್ದನ್ನೇ ಊದಿದೆ ಪ್ರೊಫೆಸರ್. ಎರ್ನಾ ತಿದ್ದಿದ್ದಾರೆ ನೋಡಿ" ಎಂದು ಹಾಳೆ ಕೊಟ್ಟ.

ಮರ್ವ್ ಹಾಳೆಯನ್ನು ಕಿಟಕಿಗೆ ಹಿಡಿದ. ಹೊಸ ಪಟ್ಟಿಯನ್ನು ಓದಿದ. ಅದು ಅವನೇ ಬರೆದದ್ದು, ಒಂದು ಚುಕ್ಕೆ ಹೆಚ್ಚುಕಡಿಮೆ ಇಲ್ಲ. ಉಗುರಿನಿಂದ ಅಂಚು ಎಬ್ಬಿಸಿ ಪಟ್ಟಿ ಕಿತ್ತ. ಕೆಳಗಿನದನ್ನು ಓದಿದ. ಅವನ ಕಣ್ಣಿಗೆ ಏನೂ ಆಗಿರಲಿಲ್ಲ, ಬುದ್ಧಿಗೂ ಆಗಿರಲಿಲ್ಲ. ನನಗೆ ಒಂದು ಗಂಟೆ ಹಿಡಿದದ್ದು ಅವನಿಗೆ ಅರ್ಧ ನಿಮಿಷದಲ್ಲಿ ತಿಳಿಯಿತು. ಅಲ್ಲೇ ಇದ್ದ ವಾದ್ಯದ ಪೆಟ್ಟಿಗೆಯೊಂದರ ಮೇಲೆ ಕೂತ.

"ಯಾವಾಗ ಅಂಟಿಸಿದ್ದು?"

"ಶುಕ್ರವಾರ."

"ನಮ್ಮನೆಗೆ ಬಂದಿದ್ಯಲ್ಲ ಅವತ್ತು. ಟೈ ಹಾಕ್ಕೋ ಅಂದ್ಯಲ್ಲ."

"ಜನ ಆಡ್ಕೋತಿದ್ರು ಮರ್ವ್. ನಿನ್ನ ಹೆಸರು…"

"ನನ್ನ ಹೆಸರು ಕಟ್ಕೊಂಡು ಏನ್ ಮಾಡ್ಲಿ?" ದನಿ ಏರಿಸಲಿಲ್ಲ. "ಊರಿಗೆಲ್ಲ ಸರಿಯಾಗಿ ಕೇಳ್ಸಿದೀಯ. ಅವರ್ಯಾರಿಗೂ ಅವಳು ಏನೂ ಆಗ್ಬೇಕಿರಲಿಲ್ಲ. ನನಗೊಬ್ಬನಿಗೆ ಬಿಟ್ಟಿದ್ರೆ ಆಗ್ತಿರಲಿಲ್ವೇನೇ?"

ವಿಕ್‌ಗೆ ಪೂರ್ತಿ ಅರ್ಥವಾಗಿತ್ತೋ ಇಲ್ಲವೋ, ಉದ್ದದ ಕ್ಲಾರಿನೆಟ್ ಎತ್ತಿಕೊಂಡು ಅವನ ಹತ್ತಿರ ಬಂದು ಬಗ್ಗಿದ.

"ಪ್ರೊಫೆಸರ್, ಹಳೇದನ್ನ ಊದ್ತೀನಿ. ಗುರುವಾರದ್ದು. ಕೂತ್ಕೊಂಡು ಕೇಳಿ, ಎಷ್ಟು ಸಲ ಬೇಕಾದ್ರೂ."

ಮರ್ವ್ ಕೈ ಚಾಚಿ ಅದರ ಬಾಯನ್ನು ಮೆಲ್ಲಗೆ ಕೆಳಗೆ ತಳ್ಳಿದ.

"ಬೇಡಪ್ಪ. ಗೊತ್ತಾಗೋಯ್ತಲ್ಲ. ಇನ್ನು ಅದನ್ನ ಊದಿದ್ರೆ ನನಗೆ ಕೇಳೋದು ಎರ್ನಾಳ ತಪ್ಪು. ಜಾಯ್ಸ್ ಬರಲ್ಲ."

ಕೋಟು ತೆಗೆದುಕೊಂಡು ಹಿಂಬಾಗಿಲಿನಿಂದ ಬಿಸಿಲಿಗೆ ಹೋದ. ಆಮೇಲೆ ಒಂಬತ್ತು ವರ್ಷ ಬದುಕಿದ. ನನಗೆ ಒಂದು ಹಾಳೆಯನ್ನೂ ಕೊಡಲಿಲ್ಲ, ಒಂದು ಸ್ವರವನ್ನೂ ಬರೆಯಲಿಲ್ಲ. ವಿಕ್ ಕ್ಲಾರಿನೆಟ್ ಬಿಚ್ಚಿ ಒರೆಸತೊಡಗಿದ. ವೇದಿಕೆಯ ಸ್ಟ್ಯಾಂಡುಗಳಿಂದ ಹಾಳೆಗಳನ್ನು ವಾಪಸು ಪಡೆಯುವುದೂ ನನ್ನದೇ ಕೆಲಸವಾಗಿತ್ತು, ಹೋಗಿ ಒಂದೊಂದಾಗಿ ಒಟ್ಟುಮಾಡಿದೆ.